ನೆಟ್‌ವರ್ಕ್ ಆಗಿ ಶುರುವಾದೆವು, ಈಗ ಸದಸ್ಯರಿಗೇ ಪೈಪೋಟಿ ಕೊಡುತ್ತಿದ್ದೇವೆ. ಏನು ಮಾಡುವುದು?

ಸೆಕ್ರೆಟೇರಿಯಟ್‌ನವಳು:
ನಮಸ್ಕಾರ. ತಾಯಿ-ಮಗುವಿನ ಆರೋಗ್ಯಕ್ಕೆ ದುಡಿಯುವ ಸಂಸ್ಥೆಗಳ ಅಂತರರಾಷ್ಟ್ರೀಯ ನೆಟ್‌ವರ್ಕ್ ಒಂದರಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಸೆಕ್ರೆಟೇರಿಯಟ್, ಅಂದರೆ ನೆಟ್‌ವರ್ಕ್ ನಡೆಸುವ ಕಚೇರಿ, ಎಂದರೆ ನಾವು ಆರು ಜನ. ಪಟ್ಟಿಯಲ್ಲಿ 70 ಸಂಸ್ಥೆಗಳಿವೆ, ತಿಂಗಳ ಜೂಮ್ ಮೀಟಿಂಗ್‌ಗೆ ಬರುವವು ಹದಿನೈದು.

ಮೊದಲು ಕೆಲಸ ಸರಳವಾಗಿತ್ತು. ಒಬ್ಬರು ಕಲಿತದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವುದು, ಅಷ್ಟೇ. ಆಮೇಲೆ ಒಬ್ಬ ದಾನಿ ಬಂದು ನೀವೇ ಪ್ರಾಜೆಕ್ಟ್ ನಡೆಸಿ ಎಂದರು. ನಡೆಸಿದೆವು. ನಮ್ಮ ಸಂಬಳವೂ ಅದರಿಂದಲೇ ಬರತೊಡಗಿತು. 2025ರಲ್ಲಿ ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಬಾಗಿಲು ಮುಚ್ಚಿದ ಮೇಲೆ ಉಳಿದ ದಾನಿಗಳ ಮುಂದೆ ಕ್ಯೂ ಉದ್ದವಾಯಿತು. ಆ ಕ್ಯೂನಲ್ಲಿ ನಮ್ಮ ಸದಸ್ಯರೂ ಇದ್ದಾರೆ, ನಾವೂ ಇದ್ದೇವೆ.

ಹೋದ ತಿಂಗಳ ಮೀಟಿಂಗ್‌ನಲ್ಲಿ ನಾನು ಸ್ಲೈಡ್ ತೋರಿಸುತ್ತಿದ್ದೆ. ಯಾವತ್ತೂ ಕ್ಯಾಮೆರಾ ಹಾಕದ ಒಬ್ಬ ಸದಸ್ಯರು ಅವತ್ತು ಹಾಕಿದರು. "ಮೇಡಂ, ನಿಮಗೆ ಸಿಕ್ಕಿದ ಗ್ರಾಂಟ್‌ಗೆ ನಾವೂ ಅರ್ಜಿ ಹಾಕಿದ್ದೆವು. ದಾನಿ ಪ್ರಕಟಿಸಿದ ಸಾರಾಂಶ ನೋಡಿದೆ. ಅದರಲ್ಲಿರುವ ಹೆರಿಗೆಯ ಅಂಕಿಗಳು ನಮ್ಮವು. ನಿಮ್ಮ ಫಾರ್ಮ್‌ನಲ್ಲಿ ನಾವೇ ತುಂಬಿ ಕಳಿಸಿದ್ದು." ಆ ಹೊತ್ತಿಗೆ ತೆರೆಯ ಮೇಲಿದ್ದ ಸ್ಲೈಡಿನ ತಲೆಬರಹ "ನಮ್ಮ ಸದಸ್ಯರೇ ನಮ್ಮ ಶಕ್ತಿ". ಯಾರೂ ಮಾತಾಡಲಿಲ್ಲ.

ಈಗ ಬೋರ್ಡ್ ನಮ್ಮ ಪಾತ್ರ, ರಚನೆ ಎಲ್ಲವನ್ನೂ ಮತ್ತೆ ನೋಡೋಣ ಎನ್ನುತ್ತಿದೆ. ಪ್ರಾಜೆಕ್ಟ್ ಬಿಟ್ಟರೆ ಆರರಲ್ಲಿ ನಾಲ್ಕು ಜನರ ಕೆಲಸ ಹೋಗುತ್ತದೆ, ನನ್ನದೂ ಸೇರಿ ಇರಬಹುದು. ಇದನ್ನು ದಾಟಿ ಬಂದವರು ಯಾರಾದರೂ ಇದ್ದೀರಾ?

ಹಳೇ ಕೋಆರ್ಡಿನೇಟರ್:
ಇದ್ದೇನೆ. ಸರ್ವೆ ಮಾತ್ರ ಮಾಡಬೇಡಿ. ಸರ್ವೆಯಲ್ಲಿ ಎಲ್ಲರೂ "ನೆಟ್‌ವರ್ಕ್ ಬಹಳ ಉಪಯುಕ್ತ" ಎಂದೇ ಬರೆಯುತ್ತಾರೆ. ನಾವು ಹೇಳದೆ ಕೇಳದೆ ಒಂದೊಂದೇ ಕೆಲಸ ನಿಲ್ಲಿಸಿದೆವು. ನ್ಯೂಸ್‌ಲೆಟರ್ ನಿಂತು ಮೂರು ತಿಂಗಳಾದರೂ ಒಬ್ಬರೂ ಕೇಳಲಿಲ್ಲ (ಅದನ್ನು ಬರೆಯುತ್ತಿದ್ದವನು ನಾನೇ, ಸ್ವಲ್ಪ ನೋವಾಯಿತು). ಡಬ್ಲ್ಯೂಎಚ್‌ಒ ಹೊಸ ಮಾರ್ಗಸೂಚಿ ಹೊರಡಿಸಿದಾಗ ಎರಡು ಪುಟದ ಸರಳ ಸಾರಾಂಶ ಕಳಿಸುತ್ತಿದ್ದೆವು. ಅದು ಒಮ್ಮೆ ತಪ್ಪಿದ್ದೇ ತಡ, ವಾರದೊಳಗೆ ಹನ್ನೊಂದು ಮೇಲ್ ಬಂತು. ನಮ್ಮ ಪಾತ್ರ ಏನು ಅಂತ ಅವತ್ತು ಗೊತ್ತಾಯಿತು.

ಲೆಕ್ಕ ನೋಡುವವನು:
ರಚನೆಯ ಬಗ್ಗೆ ಮಾತ್ರ ಹೇಳುತ್ತೇನೆ. ಸ್ವಂತ ನೋಂದಣಿ, ಸ್ವಂತ ಆಡಿಟ್, ಸ್ವಂತ ಎಚ್‌ಆರ್ ಇಟ್ಟುಕೊಂಡರೆ ಅದನ್ನು ಸಾಕುವುದಕ್ಕೇ ಪ್ರಾಜೆಕ್ಟ್ ಹಿಡಿಯಬೇಕಾಗುತ್ತದೆ. ನಿಮಗೆ ಆಗಿರುವುದು ಅದೇ. ಇನ್ನೊಬ್ಬರ ಸೂರಿನಡಿ ಇರುವುದೂ ಒಂದು ದಾರಿ. ಕ್ಷಯರೋಗದ ವಿರುದ್ಧ ದುಡಿಯುವ ಅಂತರರಾಷ್ಟ್ರೀಯ ಒಕ್ಕೂಟ ಸ್ಟಾಪ್ ಟಿಬಿ ಪಾರ್ಟ್‌ನರ್‌ಶಿಪ್ ಮೊದಲು ಡಬ್ಲ್ಯೂಎಚ್‌ಒ ಒಳಗಿತ್ತು, 2015ರಲ್ಲಿ ಯುಎನ್‌ಒಪಿಎಸ್‌ಗೆ (ಬೇರೆಯವರ ಆಡಳಿತದ ಕೆಲಸ ನೋಡಿಕೊಳ್ಳುವ ವಿಶ್ವಸಂಸ್ಥೆಯ ಅಂಗ) ಬದಲಾಯಿತು. ಹೆಸರು ತನ್ನದೇ, ಬೋರ್ಡ್ ತನ್ನದೇ. ಆಡಳಿತದ ಕೆಲಸ ಮಾತ್ರ ಆಶ್ರಯ ಕೊಟ್ಟವರದ್ದು. ಪುಕ್ಕಟೆ ಅಲ್ಲ, ಅದಕ್ಕೂ ಶುಲ್ಕವಿದೆ. ಆದರೆ ಆರು ಜನರ ಆಫೀಸಿಗೆ ಒಬ್ಬ ಫೈನಾನ್ಸ್ ಮ್ಯಾನೇಜರ್ ಬೇಕಾಗುವುದಿಲ್ಲ.

ಸದಸ್ಯ ಸಂಸ್ಥೆಯಿಂದ:
ನಾನು ಕ್ಯೂನ ಈ ಕಡೆಯವಳು. ಸೂರು ಯಾರದ್ದಾದರೂ ಇರಲಿ, ತೀರ್ಮಾನ ಎಲ್ಲಿ ಆಗುತ್ತದೆ ಹೇಳಿ. ಎಂಎಸ್‌ಎಫ್ (ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್) ನೋಡಿ. ಕಾರ್ಯಾಚರಣೆ ನಡೆಸುವ ಐದು ಕೇಂದ್ರಗಳೂ ಬಹುಕಾಲ ಯುರೋಪಿನಲ್ಲೇ ಇದ್ದವು. ಕೆಲಸದ ದೊಡ್ಡ ಪಾಲು ಆಫ್ರಿಕಾದಲ್ಲಿ! ಪಶ್ಚಿಮ ಆಫ್ರಿಕಾದ ಅಬಿಜಾನ್‌ನಲ್ಲಿ ಒಂದು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಜನರ ಆರೋಗ್ಯದ ಹಕ್ಕಿಗಾಗಿ ಇರುವ ಜಾಗತಿಕ ಜಾಲ ಪೀಪಲ್ಸ್ ಹೆಲ್ತ್ ಮೂವ್‌ಮೆಂಟ್ 2000ದಲ್ಲಿ ಬಾಂಗ್ಲಾದೇಶದ ಸಾವರ್‌ನಲ್ಲಿ ಹುಟ್ಟಿತು. ಅವರ ಸೆಕ್ರೆಟೇರಿಯಟ್ ಕೈರೋ, ಕೇಪ್‌ಟೌನ್ ಅಂತ ಜಾಗ ಬದಲಿಸಿದೆ. ಹಾಗೆ ಸುತ್ತುವುದರಲ್ಲಿ ತಲೆನೋವು ಜಾಸ್ತಿ, ಒಪ್ಪುತ್ತೇನೆ. ಆದರೆ ಯಾರೂ ಕುರ್ಚಿಗೆ ಅಂಟಿಕೊಳ್ಳುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ನಿಮ್ಮ ಫಾರ್ಮ್‌ನ 40 ಕಾಲಂ ತುಂಬುವುದು ನಮ್ಮಲ್ಲಿ ಯಾರು ಗೊತ್ತಾ? ನರ್ಸ್. ಸಂಜೆ, ಒಪಿಡಿ ಮುಗಿದ ಮೇಲೆ. ಅವಳ ಅಂಕಿ ಹಾಕಿ ನೀವು ಗ್ರಾಂಟ್ ತಂದರೆ ಸಿಟ್ಟು ಬಾರದೇ ಇರುತ್ತದಾ? ಸದಸ್ಯರು ಹಾಕಬಹುದಾದ ಅರ್ಜಿಯನ್ನು ಸೆಕ್ರೆಟೇರಿಯಟ್ ಹಾಕಕೂಡದು ಅಂತ ನಿಯಮಾವಳಿಯಲ್ಲಿ ಬರೆಯಿರಿ. ಮಿಕ್ಕಿದ್ದು ಆಮೇಲೆ.

ಸೆಕ್ರೆಟೇರಿಯಟ್‌ನವಳು:
ಆ 40 ಕಾಲಂ ಫಾರ್ಮ್ ಮಾಡಿದ್ದು ನಾನೇ. ಇವತ್ತು ತೆಗೆದು ನೋಡಿದೆ. ಅದರಲ್ಲಿ ನಾವು ಬಳಸಿದ್ದು ಏಳೇ ಕಾಲಂ.

ನಿಯಮದ ಮಾತು ಬೋರ್ಡ್ ಅಜೆಂಡಾದಲ್ಲಿ ಮೊದಲನೆಯದಾಗಿ ಹಾಕಿದ್ದೇನೆ. ಅವತ್ತು ಕ್ಯಾಮೆರಾ ಹಾಕಿದ ಸದಸ್ಯರಿಗೂ ಫೋನ್ ಮಾಡಿ, ಗ್ರಾಂಟಿನ ಫೀಲ್ಡ್ ಕೆಲಸವನ್ನು ನೀವೇ ತೆಗೆದುಕೊಳ್ಳುತ್ತೀರಾ, ದಾನಿಯ ಹತ್ತಿರ ನಾನು ಮಾತಾಡುತ್ತೇನೆ ಎಂದೆ. ಹತ್ತು ನಿಮಿಷ ಬೈದರು. ಆಮೇಲೆ ಬಜೆಟ್ ಶೀಟ್ ಕಳಿಸಿ ಎಂದರು. ಕಳಿಸಿದ್ದೇನೆ.