ಲಿಸ್ಬನ್‌ನಾಗ ಮೂರು ಮಂದಿಗೆ ಕಡಿಮಿ ರೊಕ್ಕದಾಗ ಉಳಿಯಾಕ ಎಲ್ಲಿ ಚಲೋ?

ವಾಸ್ಕೋದ ಗದಗಿನಾಕಿ:
ನಮಸ್ಕಾರ ರೀ ಎಲ್ಲಾರಿಗೂ. ನಾವು ಇರೋದು ಗೋವಾದ ವಾಸ್ಕೋದಾಗ, ಫೆಬ್ರುವರಿಯಾಗ ನಾನು, ನಮ್ಮ ಮನಿಯವರು, ನಮ್ಮವ್ವ ಮೂರೂ ಮಂದಿ ಪೋರ್ಚುಗಲ್‌ನ ಲಿಸ್ಬನ್‌ಗೆ ಹೋಗಬೇಕಂತ ಮಾಡೇವಿ. ವಾಸ್ಕೋ ಡ ಗಾಮನ ಹೆಸರಿನ ಊರಾಗ ಇಷ್ಟು ವರ್ಷ ಬಾಳ್ವಿ ಮಾಡಿ ಅವನ ಸಮಾಧಿ ಇರೋ ಬೆಲೆಂನ ಜೆರೋನಿಮೋಸ್ ಮಠ ನೋಡಲಿಲ್ಲಂದ್ರ ಹೆಂಗ ಅಂತ ಅವ್ವಂದು ಒಂದೇ ಹಟ. ಒಂದು ರಾತ್ರಿಗೆ 90 ಯೂರೋ ಒಳಗ ಸಿಕ್ರ ಸಾಕು. ಫೋಟೋದಾಗ ಲಿಸ್ಬನ್ನಿನ ಹಳೇ ಏರಿಯಾ ಅಲ್ಫಾಮಾ ಭಾಳ ಛಂದ ಕಾಣ್ತದ, ಅಲ್ಲೇ ಒಂದು ಫ್ಲ್ಯಾಟ್ ನೋಡಿಟ್ಟೀನಿ, ಆದ್ರ ಅವ್ವಗ ಮೊಣಕಾಲು ನೋವು, ಮ್ಯಾಲ ಕಟ್ಟಾ ಶಾಕಾಹಾರಿ, ಹೊರಗ ದಿನಾ ಬರೇ ಬ್ರೆಡ್ ತಿಂದು ಇರಾಂಗಿಲ್ಲ. ಅಲ್ಲಿಗೆ ಹೋಗಿ ಬಂದವ್ರು ಯಾರಾದ್ರೂ ಇದ್ರ ಸ್ವಲ್ಪ ಹೇಳ್ರಿ.

ಫೋಂಡಾ ಮಲೆನಾಡಿಗ:
ಕೆಲಸದ ಮೇಲೆ ಅಲ್ಲಿ ಸ್ವಲ್ಪ ಕಾಲ ಇದ್ದೆ, ಅದಕ್ಕೆ ನೇರವಾಗೇ ಹೇಳ್ತೀನಿ, ಅಮ್ಮನ್ನ ಕರ್ಕೊಂಡು ಹೋಗೋದಾದ್ರೆ ಅಲ್ಫಾಮಾ ಬೇಡ. 1755ರ ಭೂಕಂಪದಲ್ಲಿ ಊರಿನ ತಗ್ಗಿನ ಭಾಗ ಪೂರ್ತಿ ಬಿದ್ದೋಯ್ತು, ಹಿಂದೇನೇ ಸುನಾಮಿ ಬಂತು, ಬೆಂಕಿ ಬಿತ್ತು, ಆಮೇಲೆ ಪೊಂಬಾಲ್ ಅನ್ನೋ ಮಂತ್ರಿ ಅದನ್ನ ನೇರ ರಸ್ತೆ ಹಾಕಿಸಿ ಹೊಸದಾಗಿ ಕಟ್ಟಿಸಿದ, ಅದೇ ಈಗಿನ ಬೈಷಾ. ಅಲ್ಫಾಮಾ ಬಹುಪಾಲು ಉಳ್ಕೊಳ್ತು, ಹಂಗಾಗಿ ಅಲ್ಲಿ ಇವತ್ತಿಗೂ ಅದೇ ಹಳೇ ಓಣಿ, ಅದೇ ಮೆಟ್ಟಿಲು, ಎಷ್ಟೋ ಕಡೆ ಟ್ಯಾಕ್ಸಿ ಬಾಗಿಲ ತನಕ ಬರಲ್ಲ. ಮ್ಯಾಪಲ್ಲಿ 300 ಮೀಟರ್ ಅಂತ ತೋರ್ಸುತ್ತೆ, ಅದು ಸಪಾಟು 300 ಮೀಟರ್ ಅಲ್ಲ, ಏರು. ಕಾಲ್ದಾರಿಗೆಲ್ಲ ಸಣ್ಣ ಸಣ್ಣ ಸುಣ್ಣದ ಕಲ್ಲು ಹಾಸಿರ್ತಾರೆ, ಸವೆದು ಸವೆದು ನುಣುಪಾಗಿರುತ್ತೆ, ಫೆಬ್ರುವರಿ ಮಳೇಲಿ ಜಾರುತ್ತೆ, ಸೂಟ್‌ಕೇಸ್ ಚಕ್ರ ಕಲ್ಲುಗಳ ಸಂದಿಲಿ ಸಿಕ್ಕಾಕೊಳುತ್ತೆ.

ಹಾಗಂತ ಬೈಷಾ ಸಪಾಟಾಗಿದೆ ಅಂತ ಕಣ್ಮುಚ್ಚಿ ಬುಕ್ ಮಾಡ್ಬೇಡಿ. ಅಲ್ಲಿನ ಹಳೇ ಕಟ್ಟಡ ನಾಕೈದು ಮಹಡಿದು, ಲಿಫ್ಟ್ ಇಲ್ಲದವು ಬೇಕಾದಷ್ಟಿವೆ, ಮರದ ಮೆಟ್ಟಿಲು ಎಷ್ಟು ಇಕ್ಕಟ್ಟಾಗಿ ತಿರುಗುತ್ತೆ ಅಂದ್ರೆ ದೊಡ್ಡ ಸೂಟ್‌ಕೇಸ್‌ನ ಎದೆ ಮುಂದೆ ಎತ್ತಿ ಹಿಡ್ಕೊಂಡೇ ಹತ್ಬೇಕು. ರೂಮು ಸಸ್ತಾ ಕಂಡ್ರೆ ಮೊದಲು ಎಷ್ಟನೇ ಮಹಡಿ, ಲಿಫ್ಟ್ ಇದ್ಯಾ, ಲಿಫ್ಟ್ ತಂಕ ಎಷ್ಟು ಮೆಟ್ಟಿಲು ಅಂತ ಕೇಳಿ.

ನಿಮ್ಮ ಬಜೆಟ್‌ಗೆ ಮೆಟ್ರೋದ ಹಸಿರು ಲೈನ್ ಹಿಡ್ಕೊಂಡು ಹುಡುಕಿ, ಆಂಜೋಸ್, ಆರೋಯೋಸ್ ಸ್ಟೇಷನ್ ಸುತ್ತ. ಅಲ್ಮಿರಾಂತೆ ರೇಯಿಸ್ ಅನ್ನೋ ಉದ್ದದ ರಸ್ತೆ ಅದು, ಜನ ದಿನಾ ವಾಸ ಮಾಡೋ ಏರಿಯಾ, ಏರು ಇದ್ರೂ ನಿಧಾನಕ್ಕೆ ಏರುತ್ತೆ, ಪೇಟೆ ಮಧ್ಯದ ರೇಟೂ ಇಲ್ಲ. ಏರ್‌ಪೋರ್ಟ್ ಊರೊಳಗೇ ಇರೋದು, ಕೆಂಪು ಲೈನ್ ಹತ್ತಿ ಅಲಮೇಡಾದಲ್ಲಿ ಇಳಿದು ಹಸಿರು ಲೈನ್ ಹಿಡಿದ್ರೆ ಮುಂದಿನ ಸ್ಟೇಷನ್ನೇ ಆರೋಯೋಸ್. ಅದೇ ಲೈನ್ ಕೊನೇಲಿ ಕಾಯಿಸ್ ದೊ ಸೊದ್ರೆ, ಅಲ್ಲಿಂದ ಕಾಶ್ಕಾಯಿಸ್ ಟ್ರೈನ್ ಬೆಲೆಂನಲ್ಲಿ ನಿಲ್ಲುತ್ತೆ. ಮಠ ಸೋಮವಾರ ಬಂದ್, ಅಮ್ಮನ ಆಸೆ ಅಂತೀರಲ್ಲ, ಅದನ್ನ ಮರೀಬೇಡಿ.

ಊಟಕ್ಕೆ ಚಿಂತೆ ಬೇಡ, ಅಡುಗೆಮನೆ ಇರೋ ರೂಮ್ ತಗೊಳ್ಳಿ. ಮಾರ್ತಿಂ ಮೊನೀಜ್ ಸ್ಟೇಷನ್ ಹತ್ರ ನಮ್ಮ ಕಡೆಯವರ, ಬಾಂಗ್ಲಾದೇಶದವರ, ನೇಪಾಳಿಗಳ ಕಿರಾಣಿ ಅಂಗಡಿ ಸಾಲಾಗಿವೆ, ಬೇಳೆ, ಅಕ್ಕಿ, ಗೋದಿಹಿಟ್ಟು, ಹಸಿಮೆಣಸು ಎಲ್ಲಾ ಸಿಗುತ್ತೆ.

ಮಡಗಾಂವ್ ಕುಡ್ಲದವ:
ಮೇಲಿನವರು ಹೇಳಿದ್ದು ಸರಿ, ಆದ್ರೆ ಇನ್ನೊಂದು ದಾರಿ ಉಂಟು, ನದಿಯ ಆಚೆ ಬದಿ. ಕಾಯಿಸ್ ದೊ ಸೊದ್ರೆಯಿಂದ ಫೆರ್ರಿ ಹತ್ತಿದ್ರೆ ಹತ್ತು ನಿಮಿಷದಲ್ಲಿ ಕಾಸಿಲ್ಯಾಸ್. ಅಲ್ಮಾಡಾ ಅಂತ ಬೇರೆಯೇ ಊರದು, ರೂಮು ಲಿಸ್ಬನ್‌ಗಿಂತ ಕಡಿಮೆಗೆ ಸಿಗ್ತದೆ, ಸಂಜೆ ಹಿಂದೆ ಬರುವಾಗ ತೇಜೋ ನದಿಯ ಮೇಲಿಂದ ಇಡೀ ಲಿಸ್ಬನ್ ಗುಡ್ಡ ಎದುರಿಗೆ ಕಾಣ್ತದೆ. ಬೇತಿಂ ಫೆರ್ರಿಯಲ್ಲಿ ಪಣಜಿಗೆ ಹೋಗಿ ಬರುವವರಿಗೆ ಇದೆಲ್ಲ ಹೊಸತಲ್ಲ. ಗಾಳಿ ಜೋರಿದ್ದ ದಿವಸ ಮಾತ್ರ ವಯಸ್ಸಾದವರಿಗೆ ಕಷ್ಟ.

ಮತ್ತೆ ಬೈರೋ ಆಲ್ತೊ ಅಂತ ಏರಿಯಾದಲ್ಲಿ ಸಸ್ತಾ ರೂಮ್ ಕಂಡ್ರೆ ಬಿಟ್ಟುಬಿಡಿ ಮಾರಾಯ್ರೆ, ರಾತ್ರಿಯಿಡೀ ಬಾರ್ ಗಲಾಟೆ, ನಿದ್ರೆ ಬರ್ಲಿಕ್ಕಿಲ್ಲ.

ಪಣಜಿ ಕನ್ನಡತಿ:
ಬುಕ್ ಮಾಡೋ ಮುಂಚೆ ಅಕ್ಕ, ಅಪಾರ್ಟ್‌ಮೆಂಟ್ ಆದ್ರೆ ಅದಕ್ಕೆ ಎಎಲ್ ನಂಬರ್ ಇದೆಯಾ ನೋಡಿ, ಅಲೊಜಮೆಂತೊ ಲೊಕಾಲ್ ಅಂತ, ಟೂರಿಸ್ಟ್‌ಗಳಿಗೆ ಬಾಡಿಗೆ ಕೊಡೋ ಮನೆಗಳ ನೋಂದಣಿ ಅದು, ಬಾಗಿಲ ಪಕ್ಕ ಎಎಲ್ ಅಂತ ಚಿಕ್ಕ ಬೋರ್ಡೂ ಇರುತ್ತೆ. ನಂಬರ್ ಇಲ್ಲದ್ದು ಎಷ್ಟೇ ಕಡಿಮೆಗೆ ಸಿಕ್ರೂ ಬೇಡ. ಅಲ್ಫಾಮಾದ ಎಷ್ಟೋ ಮನೆ ಹೀಗೆ ಟೂರಿಸ್ಟ್ ಬಾಡಿಗೆಗೆ ಹೋಗಿ ಅಲ್ಲೇ ಹುಟ್ಟಿ ಬೆಳೆದವರು ಊರು ಬಿಡೋ ಹಾಗಾಗಿದೆ, ಅದು ನಂಗೆ ತುಂಬಾ ಬೇಜಾರಿನ ವಿಷಯ, ಅದಕ್ಕೇ ನಾನು ಯಾರಿಗೇ ಆದ್ರೂ ಮೊದಲು ಹೇಳೋದು ಕುಟುಂಬದವರೇ ನಡೆಸೋ ಸಣ್ಣ ಗೆಸ್ಟ್‌ಹೌಸ್ ಹುಡುಕಿ ಅಂತ. ಅಲ್ಲಿ ಪೆನ್ಸಾಂವ್ ಅಂತಾನೋ ರೆಸಿಡೆನ್ಸಿಯಾಲ್ ಅಂತಾನೋ ಬೋರ್ಡ್ ಇರುತ್ತೆ.

ಲೆಕ್ಕಕ್ಕೆ ಇನ್ನೊಂದು ಸೇರಿಸ್ಕೊಳ್ಳಿ, ಟೂರಿಸ್ಟ್ ಟ್ಯಾಕ್ಸ್. 2024ರ ಸೆಪ್ಟೆಂಬರ್‌ನಿಂದ ಲಿಸ್ಬನ್‌ನಲ್ಲಿ ಒಬ್ಬರಿಗೆ ಒಂದು ರಾತ್ರಿಗೆ 4 ಯೂರೋ, ಏಳು ರಾತ್ರಿ ತನಕ. ನೀವು ಮೂವರಿಗೆ ದಿನಕ್ಕೆ 12 ಆಯ್ತು, ಎಷ್ಟೋ ಸಲ ಆನ್‌ಲೈನ್ ರೇಟಲ್ಲಿ ಸೇರಿರಲ್ಲ, ಅಲ್ಲಿ ಹೋದ್ಮೇಲೆ ಕೇಳ್ತಾರೆ. ಷೆಂಗೆನ್ ವೀಸಾಗೆ ಉಳಿಯೋ ಜಾಗದ ಪುರಾವೆ ಕೊಡ್ಬೇಕು, ಸೋ ಫ್ರೀ ಕ್ಯಾನ್ಸಲೇಶನ್ ಇರೋದನ್ನೇ ಹಿಡೀರಿ, ಮೂವರ ಹೆಸರೂ ಬುಕಿಂಗ್‌ನಲ್ಲಿ ಇರ್ಲಿ. ಹೀಟರ್ ಇದೆಯಾ ಅಂತಾನೂ ಕೇಳಿ, ಅಲ್ಲಿನ ಹಳೇ ಮನೆಗಳಲ್ಲಿ ಚಳಿಗಾಲದಲ್ಲಿ ಹೊರಗಿಗಿಂತ ಒಳಗೇ ಜಾಸ್ತಿ ಥಂಡಿ, ಗೋಡೆ ಎಲ್ಲ ಒದ್ದೆ ಒದ್ದೆ.

ವಾಸ್ಕೋದ ಗದಗಿನಾಕಿ:
ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಅಲ್ಫಾಮಾ ಫ್ಲ್ಯಾಟಿನವ್ರಿಗೆ ಈಗ ಕೇಳ್ದೆ, ರಸ್ತಾದಿಂದ ಬಾಗಿಲಕ್ಕ 62 ಮೆಟ್ಟಲಾ ಅಂತ, ಅದನ್ನ ಬಿಟ್ಟೆ. ಆರೋಯೋಸ್ ಹತ್ರ ಲಿಫ್ಟ್ ಇರೋ ಒಂದು ಗೆಸ್ಟ್‌ಹೌಸ್ ಐತಿ, ಮೂರು ಮಂದಿಗೆ 84 ಯೂರೋ, ಟ್ಯಾಕ್ಸ್ ಬ್ಯಾರೆ, ಆದ್ರ ಅಡಗಿಮನಿ ಇಲ್ಲ, ಬರೇ ಕೆಟಲ್ ಮತ್ತ ಫ್ರಿಜ್. ಏನ್ಮಾಡ್ಲಿ?

ಫೋಂಡಾ ಮಲೆನಾಡಿಗ:
ತಗೊಳ್ಳಿ, ಮೊಣಕಾಲಿಗೆ ಅಡುಗೆಮನೆಗಿಂತ ಲಿಫ್ಟೇ ಮುಖ್ಯ. ಅವಲಕ್ಕಿ, ಚಟ್ನಿಪುಡಿ ಮನೆಯಿಂದ್ಲೇ ಒಯ್ಯಿರಿ, ಮೊಸರು ಅಲ್ಲಿ ಎಲ್ಲಾ ಅಂಗಡೀಲೂ ಸಿಗುತ್ತೆ. ಲುಮಿಯಾರ್ ಏರಿಯಾದಲ್ಲಿ ರಾಧಾಕೃಷ್ಣ ದೇವಸ್ಥಾನ ಇದೆ, ಮೊಜಾಂಬಿಕ್‌ನಿಂದ ಬಂದು ನೆಲೆ ನಿಂತ ಗುಜರಾತಿಗಳೇ ಅಲ್ಲಿ ಹೆಚ್ಚು, ಒಳಗೆ ಶಾಕಾಹಾರಿ ಕ್ಯಾಂಟೀನ್ ಉಂಟು, ಅಮ್ಮನಿಗೆ ಅನ್ನ ಬೇಳೆ ಸಿಗುತ್ತೆ. ಹೋಗೋ ಮುಂಚೆ ಊಟದ ಟೈಮ್ ಮಾತ್ರ ಫೋನ್ ಮಾಡಿ ಕೇಳ್ಕೊಳ್ಳಿ.