121ನೇ ಸಂಚಿಕೆಯ ‘ಸ್ನ್ಯಾಪ್’: ಓದುಗರ ಆಕ್ಷೇಪಕ್ಕೆ ವಿಮರ್ಶಕ ಹೇಗೆ ಉತ್ತರಿಸಬೇಕು?

ಪ್ರಶ್ನೆ:
1973ರ ಜೂನ್ ತಿಂಗಳ ‘ದಿ ಅಮೇಝಿಂಗ್ ಸ್ಪೈಡರ್‌ಮ್ಯಾನ್’ ಕಾಮಿಕ್ಸ್ ಸರಣಿಯ 121ನೇ ಸಂಚಿಕೆಯ ಬಗ್ಗೆ ನಾನೊಂದು ವಿಮರ್ಶೆ ಬರೆದಿದ್ದೆ. ಖಳನಾಯಕ ಗ್ರೀನ್ ಗಾಬ್ಲಿನ್ ಸೇತುವೆಯ ಗೋಪುರದಿಂದ ಗ್ವೆನ್ ಸ್ಟೇಸಿಯನ್ನು, ಅಂದರೆ ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್ ಪಾರ್ಕರ್‌ನ ಪ್ರೇಯಸಿಯನ್ನು, ಕೆಡವುತ್ತಾನೆ. ಸ್ಪೈಡರ್‌ಮ್ಯಾನ್ ಎಸೆದ ಬಲೆ ಅವಳ ಕಾಲಿಗೆ ಅಂಟಿ ಬೀಳುವುದನ್ನು ತಡೆಯುತ್ತದೆ. ಮೇಲೆಳೆದುಕೊಂಡು ನೋಡಿದರೆ ಜೀವವಿಲ್ಲ. ಬಲೆ ಅವಳನ್ನು ತಡೆದ ಚಿತ್ರದಲ್ಲಿ ಕತ್ತಿನ ಪಕ್ಕ ‘ಸ್ನ್ಯಾಪ್’ ಎಂದು, ಲಟಕ್ಕನೆ ಮುರಿದ ಸದ್ದನ್ನು ಸೂಚಿಸುವ ಪುಟ್ಟ ಅಕ್ಷರಗಳಿವೆ. ಕಾಪಾಡಲು ಹೋದವನ ಕೈಯಿಂದಲೇ ಸಾವು ಬಂದದ್ದು ಈ ಕತೆಯ ಹೆಚ್ಚುಗಾರಿಕೆ ಎಂದು ನಾನು ಬರೆದೆ. ಓದುಗರೊಬ್ಬರು ಖಾರವಾಗಿಯೇ ಆಕ್ಷೇಪಿಸಿದ್ದಾರೆ. ನೆಲ ಮುಟ್ಟುವ ಮೊದಲೇ ಅವಳು ಸತ್ತಿದ್ದಳೆಂದು ಗಾಬ್ಲಿನ್‌ನೇ ಹೇಳುವಾಗ ಒಂದು ಸದ್ದನ್ನು ಹಿಡಿದುಕೊಂಡು ನಾಯಕನ ಮೇಲೆ ಆರೋಪ ಹೊರಿಸುವುದು ನ್ಯಾಯವೇ, ಅದಕ್ಕಿಂತ ಹೆಚ್ಚಾಗಿ, ಸಾಯಿಸುವುದಕ್ಕೆಂದೇ ಬಳಸಿಕೊಂಡ ಹೆಣ್ಣಿನ ಸಾವನ್ನು ಹೊಗಳುವುದು ಸರಿಯೇ ಎಂಬುದು ಅವರ ಮಾತು. ಎರಡಕ್ಕೂ ಗಂಭೀರವಾದ ಉತ್ತರ ಕೊಡಬೇಕೆಂದಿದ್ದೇನೆ. ಹೇಗೆ ಕೊಡಲಿ?

ಉತ್ತರ 1:
ಮೊದಲ ಆಕ್ಷೇಪ ಐವತ್ತು ವರ್ಷ ಹಳೆಯದು. 1973ರದೇ ಅಕ್ಟೋಬರ್‌ನ 125ನೇ ಸಂಚಿಕೆಯ ಓದುಗರ ಪತ್ರಗಳ ಪುಟದಲ್ಲಿ ಸಂಪಾದಕರು ಇದಕ್ಕೆ ಉತ್ತರಿಸಿದ್ದಾರೆ: ಬಲೆ ಥಟ್ಟನೆ ತಡೆದಾಗ ಕತ್ತಿಗೆ ಬಿದ್ದ ಹೊಡೆತದಿಂದಲೇ ಅವಳು ಸತ್ತಳು, ಆದರೆ ಏನೂ ಮಾಡದೆ ಬಿಟ್ಟಿದ್ದರೂ ಅವಳು ಉಳಿಯುತ್ತಿರಲಿಲ್ಲ ಎಂದು. ಈ ಎರಡನೆಯ ಭಾಗವನ್ನು ಬಿಡದೆ ಹೇಳಿ, ಏಕೆಂದರೆ ಕೊಂದವನು ಗಾಬ್ಲಿನ್ ಎಂಬ ಓದುಗರ ಮಾತಿಗೂ ನಿಮ್ಮ ಮಾತಿಗೂ ಅಲ್ಲಿ ಜಾಗವಿದೆ. ಆದರೂ ಸಂಪಾದಕರ ಮಾತನ್ನೇ ಕೊನೆಯ ತೀರ್ಪೆಂದು ಮುಂದಿಡಬೇಡಿ. ಪುಟದಲ್ಲೇ ಇರುವ ಇನ್ನೊಂದು ಸಾಕ್ಷ್ಯವನ್ನು ತೋರಿಸಿ: ಬಲೆ ಅಂಟಿದೊಡನೆ ಸ್ಪೈಡರ್‌ಮ್ಯಾನ್ ಗೆದ್ದೆನೆಂದು ಬೀಗುತ್ತಾನೆ, ತನ್ನ ಶಕ್ತಿಯನ್ನು ತಾನೇ ಕೊಂಡಾಡುತ್ತ ಅವಳನ್ನು ಮೇಲೆಳೆಯುತ್ತಾನೆ. ಆ ಸದ್ದು ನಮಗೆ ಕಂಡಿದೆ, ಅವನಿಗೆ ಕೇಳಿಲ್ಲ. ಗೆರ್ರಿ ಕಾನ್ವೇ ಅವರ ಬರಹ, ಗಿಲ್ ಕೇನ್ ಅವರ ಚಿತ್ರ ಎರಡೂ ಕೂಡಿ ಓದುಗನನ್ನು ನಾಯಕನಿಗಿಂತ ಒಂದು ಹೆಜ್ಜೆ ಮುಂದೆ ನಿಲ್ಲಿಸುವ ಈ ಜಾಗ ನಿಮ್ಮ ವಾದದ ಜೀವಾಳ.

ಉತ್ತರ 2:
ಲೆಕ್ಕವೂ ನಿಮ್ಮ ಪರವಾಗಿದೆ. ಸಂಭಾಷಣೆಯಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆ ಎಂದಿದ್ದರೂ ಚಿತ್ರದಲ್ಲಿರುವುದು ಬ್ರೂಕ್ಲಿನ್ ಸೇತುವೆಯಂತೆ ಕಾಣುತ್ತದೆ. ಗೋಪುರ ಕಡಿಮೆ ಎತ್ತರದ್ದೇ ಎಂದಿಟ್ಟುಕೊಂಡು 80 ಮೀಟರ್ ಬಿದ್ದಳೆಂದರೂ ವೇಗ ಗಂಟೆಗೆ ಸುಮಾರು 140 ಕಿಲೋಮೀಟರ್ ಆಗುತ್ತದೆ. ಅದನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಲ್ಲಿಸಿದರೆ ದೇಹದ ಮೇಲೆ ಬೀಳುವ ಬಲ ಅದರ ತೂಕದ ಸುಮಾರು 40 ಪಟ್ಟು. ಹಿಡಿದದ್ದು ಕಾಲನ್ನು, ತಲೆಗೆ ಆಸರೆಯೇ ಇರಲಿಲ್ಲ. ಬರೀ ಬಿದ್ದ ಮಾತ್ರಕ್ಕೆ ಗಾಳಿಯಲ್ಲೇ ಜೀವ ಹೋಗುತ್ತದೆಂಬ ಗಾಬ್ಲಿನ್‌ನ ಮಾತನ್ನು ನಂಬಬೇಕಾಗಿಲ್ಲ, ಪ್ಯಾರಾಚ್ಯೂಟ್ ಬಿಚ್ಚುವ ಮೊದಲು ಜನ ಇದಕ್ಕಿಂತ ಎಷ್ಟೋ ಹೆಚ್ಚು ದೂರ ಬೀಳುತ್ತಾರೆ.

ಉತ್ತರ 3:
ನನ್ನ ದೃಷ್ಟಿಯಲ್ಲಿ ಎರಡನೆಯ ಆಕ್ಷೇಪವೇ ಹೆಚ್ಚು ತೂಕದ್ದು, ಅದನ್ನು ಲೆಕ್ಕ ಹಾಕಿ ಪಕ್ಕಕ್ಕಿಡಲಾಗದು. 1965ರಿಂದ ಸರಣಿಯಲ್ಲಿದ್ದ ಪಾತ್ರವಿದು. ಪೀಟರ್‌ನ ಮನೆಯಿಂದ ಗಾಬ್ಲಿನ್ ಅವಳನ್ನು ಒಯ್ದಾಗ ಅಲ್ಲಿ ಉಳಿಯುವುದು ಅವಳ ಕೈಚೀಲ ಮತ್ತು ಒಂದು ಕುಂಬಳಕಾಯಿ ದೀಪ. ಆಮೇಲೆ ಸೇತುವೆಯ ಮೇಲೆ ಅವಳು ಪ್ರಜ್ಞೆಯಿಲ್ಲದೆ ಬಿದ್ದಿರುತ್ತಾಳೆ. ತನ್ನ ಸಾವಿನ ದೃಶ್ಯದಲ್ಲಿ ಅವಳಿಗೆ ಒಂದು ಭಯ, ಒಂದು ನಿರ್ಧಾರ, ಒಂದು ಕೂಗು ಕೂಡ ಇಲ್ಲ. ಪೀಟರ್‌ನ ಇನ್ನೊಬ್ಬ ಗೆಳತಿ ಮೇರಿ ಜೇನ್‌ಳ ಪಾತ್ರವೇ ತಮಗೆ ಹೆಚ್ಚು ಸ್ವಾರಸ್ಯಕರವಾಗಿತ್ತೆಂದು ಕಾನ್ವೇ ಅವರೇ ಮುಂದೆ ಹೇಳಿಕೊಂಡಿದ್ದಾರೆ. ನಾಯಕನ ನೋವಿಗಾಗಿ ಹೆಣ್ಣು ಪಾತ್ರಗಳನ್ನು ಬಲಿಕೊಡುವ ಚಾಳಿಯನ್ನು ಕಾಮಿಕ್ಸ್ ಲೇಖಕಿ ಗೇಲ್ ಸಿಮೋನ್ 1999ರಲ್ಲಿ ಪಟ್ಟಿ ಮಾಡಿ ತೋರಿಸಿದ ಮೇಲೆ, ಈ ಸಂಚಿಕೆಯನ್ನು ಮೆಚ್ಚುವವರು ಆ ಪ್ರಶ್ನೆಯನ್ನು ಎದುರಿಸಿಯೇ ಮೆಚ್ಚಬೇಕು.

ಪ್ರಶ್ನೆ ಕೇಳಿದವರು:
ಮೂವರಿಗೂ ವಂದನೆಗಳು. ಮೆಚ್ಚುಗೆಯನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಸಾವಿನ ದೃಶ್ಯದಲ್ಲಿ ಗ್ವೆನ್‌ಗೆ ಮಾತೇ ಇಲ್ಲದಿರುವುದನ್ನು ಕೊರತೆಯೆಂದೇ ಹೆಸರಿಸಿ ಓದುಗರಿಗೆ ಬರೆಯುತ್ತೇನೆ. ಜೊತೆಗೆ 122ನೇ ಸಂಚಿಕೆಯ ಕೊನೆಯ ಪುಟವನ್ನೂ ಓದಲು ಕೇಳಿಕೊಳ್ಳುತ್ತೇನೆ. ಪೀಟರ್ ಬಾಯಿಗೆ ಬಂದಂತೆ ಆಡಿ ಹೊರಟುಹೋಗೆಂದರೂ ಮೇರಿ ಜೇನ್ ಬಾಗಿಲು ಮುಚ್ಚಿ ಒಳಗೇ ಉಳಿಯುತ್ತಾಳೆ, ಆ ನಿರ್ಧಾರ ಪೂರ್ತಿಯಾಗಿ ಅವಳದು. ಗ್ವೆನ್‌ಗೆ ಸಿಗದೇ ಹೋದದ್ದು ಏನೆಂಬುದನ್ನು ಹೇಳಲು ನನಗೆ ಅದಕ್ಕಿಂತ ಒಳ್ಳೆಯ ಪುಟ ಕಾಣುತ್ತಿಲ್ಲ.