ಮನೆಯ ಸಣ್ಣ ಮರದ ಲೇತ್ ಗರಗರ ಅಂತಿದೆ, ಬೇರಿಂಗ್ ಬಿಚ್ಚಬೇಕಾ?

ಪ್ರಶ್ನೆ, ಚಿತ್ರದುರ್ಗದಿಂದ

ಮನೆ ಹಿಂದಿನ ಶೆಡ್ಡಿನಲ್ಲಿ ಮರವನ್ನು ತಿರುಗಿಸಿ ಕಡೆಯುವ ಒಂದು ಸಣ್ಣ ಲೇತ್ ಇಟ್ಟುಕೊಂಡಿದ್ದೇನೆ, ಸೆಕೆಂಡ್ ಹ್ಯಾಂಡ್. ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟರ್, ವಿ ಬೆಲ್ಟ್, ಮೂರು ಮೆಟ್ಟಿಲಿನ ಪುಲ್ಲಿ. ಲಟ್ಟಣಿಗೆ, ಬುಗುರಿ, ಕಡಗೋಲು, ಅಪರೂಪಕ್ಕೊಂದು ಮರದ ಬಟ್ಟಲು, ಇಷ್ಟೇ ನನ್ನ ಕೆಲಸ. ಈಗೀಗ ಸ್ವಿಚ್ ಹಾಕಿದ ಕೂಡಲೇ ದಡದಡ ಅಂತ ಅದುರುತ್ತದೆ, ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತದೆ, ಆದರೆ ಗರಗರ ಸದ್ದು ಹೋಗುವುದಿಲ್ಲ. ಸಂಜೆ ಹೊತ್ತು ಕೆಲವು ಸಲ ಮೋಟರ್ ಗುಂಯ್ ಅನ್ನುತ್ತದೆ ಅಷ್ಟೇ, ತಿರುಗುವುದಿಲ್ಲ. ಇನ್ನೊಂದು, ಟೇಲ್‌ಸ್ಟಾಕ್ (ಮರದ ಆಚೆ ತುದಿಯನ್ನು ಮೊನೆಯಿಂದ ಒತ್ತಿ ಹಿಡಿಯುವ ಭಾಗ) ಕಡೆ ಮರದ ತುದಿಯಲ್ಲಿ ಮೊನೆ ಕೂತ ತೂತು ಕಡೆಯುತ್ತಾ ಕಡೆಯುತ್ತಾ ಅಗಲವಾಗುತ್ತದೆ. ಪರಿಚಯದವರೊಬ್ಬರು ಬೇರಿಂಗ್ ಹೋಗಿದೆ ಅಂದರು, ಇನ್ನೊಬ್ಬರು ಮಾರಿಬಿಡು ಅಂದರು. ಮನೆಯಲ್ಲೇ ಏನೇನು ಮಾಡಿಕೊಳ್ಳಬಹುದು? ಎಣ್ಣೆ ಎಲ್ಲೆಲ್ಲಿ ಬಿಡಬೇಕು? ಅನುಭವ ಇದ್ದವರು ಹೇಳಿ.

ದಾವಣಗೆರೆಯಿಂದ

ಮಾರಬೇಡಿ ಸರ್. ಬೇರಿಂಗನ್ನೂ ಈಗಲೇ ಬಿಚ್ಚಬೇಡಿ. ಲೇತ್ ಸದ್ದು ಮಾಡಿದರೆ ಎಲ್ಲರೂ ಮೊದಲು ಬೈಯುವುದು ಬೇರಿಂಗನ್ನೇ. ಬಿಚ್ಚಿ ನೋಡಿದರೆ ತಪ್ಪು ಬೆಲ್ಟಿನದ್ದೋ ಪುಲ್ಲಿಯದ್ದೋ ಆಗಿರುತ್ತದೆ, ಅಷ್ಟು ಹೊತ್ತಿಗೆ ಸುತ್ತಿಗೆ ಏಟು ತಿಂದು ಒಳ್ಳೆ ಬೇರಿಂಗೂ ಹಾಳಾಗಿರುತ್ತದೆ.

ನೀವು ಮೊದಲು ಮಾಡಬೇಕಾದದ್ದು ಇದು. ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಿ. ಬೆಲ್ಟ್ ಬಿಚ್ಚಿ. ಈಗ ಮೋಟರ್ ಬೇರೆ, ಸ್ಪಿಂಡಲ್ (ಮರವನ್ನು ತಿರುಗಿಸುವ ಶಾಫ್ಟ್) ಬೇರೆ ಆಯಿತು. ಸ್ಪಿಂಡಲ್ಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ, ಇನ್ನೊಂದು ಕೈಯನ್ನು ಸ್ಪಿಂಡಲ್ ಕೂತಿರುವ ಹೆಡ್‌ಸ್ಟಾಕ್ ಮೇಲಿಡಿ. ಒಳಗೆ ಮರಳು ಸಿಕ್ಕಿಕೊಂಡ ಹಾಗೆ ಕೈಗೆ ತಾಗಿದರೆ ಬೇರಿಂಗ್ ಹೋಗಿದೆ. ನುಣ್ಣಗೆ ತಿರುಗಿದರೆ ಮರ ಹಿಡಿಯುವ ಚಕ್ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಅಂತ ಸ್ವಲ್ಪ ಆಡಿದರೂ ಯೋಚನೆ ಮಾಡಬೇಕು. ಆಡದಿದ್ದರೆ ಬೇರಿಂಗಿನ ತಂಟೆಗೆ ಹೋಗಲೇಬೇಡಿ. ಆಮೇಲೆ ಪ್ಲಗ್ ಹಾಕಿ ಮೋಟರನ್ನು ಮಾತ್ರ ಓಡಿಸಿ ಕೇಳಿ. ಬೆಲ್ಟಿಲ್ಲದೆಯೂ ಗರಗರ ಅಂದರೆ ಸದ್ದು ಮೋಟರಿನದ್ದು.

ನೀವು ಹೇಳುವ ದಡದಡ, ಅದೂ ಶುರುವಿನಲ್ಲಿ ಜಾಸ್ತಿ ಆಮೇಲೆ ಕಡಿಮೆ ಅನ್ನುವುದು, ನೂರಕ್ಕೆ ತೊಂಬತ್ತು ಬೆಲ್ಟೇ. ವಿ ಬೆಲ್ಟನ್ನು ಬಿಗಿಯಾಗಿ ಹಾಕಿ ವಾರಗಟ್ಟಲೆ ನಿಲ್ಲಿಸಿದರೆ ಪುಲ್ಲಿಯ ಮೇಲೆ ಕೂತ ಜಾಗದಲ್ಲಿ ರಬ್ಬರ್ ಹಾಗೇ ಬಾಗಿ ಗಟ್ಟಿಯಾಗಿಬಿಡುತ್ತದೆ. ಓಡುವಾಗ ಆ ಜಾಗ ಪುಲ್ಲಿಗೆ ಬಂದಾಗಲೆಲ್ಲ ಒಂದು ಏಟು. ಬಿಸಿಯಾದ ಮೇಲೆ ಮೆತ್ತಗಾಗಿ ಸುಮ್ಮನಾಗುತ್ತದೆ. ಬೆಲ್ಟ್ ಬಿಚ್ಚಿ ನೆಲದ ಮೇಲೆ ಬಿಡಿ. ಗುಂಡಗೆ ಬೀಳದೆ ಎರಡು ಕಡೆ ಮೊಣಕೈ ಮಡಚಿದಂತೆ ನಿಂತರೆ ಹೊಸದು ತನ್ನಿ. ಒಳಮೈಯಲ್ಲಿ ಅಡ್ಡ ಬಿರುಕು ಕಂಡರೂ ಅಷ್ಟೇ.

ಬೆಲ್ಟ್ ಬಿಚ್ಚಿದಾಗಲೇ ಪುಲ್ಲಿಯನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ನೋಡಿ. ಅಲೆನ್ ಕೀ ಹಾಕಿದರೆ ಕಾಲು ಸುತ್ತು ತಿರುಗಿದರೂ ಅದು ಸಡಿಲವೇ. ಸಡಿಲ ಪುಲ್ಲಿ ಮಾಡುವ ಸದ್ದು ಬೇರಿಂಗ್ ಸದ್ದಿನ ಹಾಗೇ ಇರುತ್ತದೆ, ಎಂಥವರಿಗೂ ಮೋಸ. ಎರಡು ಪುಲ್ಲಿಗಳ ಪಕ್ಕಕ್ಕೆ ಒಂದು ನೇರವಾದ ಪಟ್ಟಿ ಹಿಡಿದು ಎರಡೂ ಒಂದೇ ಸಾಲಿನಲ್ಲಿವೆಯಾ ಅಂತಲೂ ನೋಡಿಕೊಳ್ಳಿ. ಅಡ್ಡವಾಗಿದ್ದರೆ ಬೆಲ್ಟಿನ ಒಂದು ಪಕ್ಕ ಸವೆದು ಕಪ್ಪು ಪುಡಿ ಉದುರುತ್ತಾ ಇರುತ್ತದೆ.

ಸರಿ, ಬೇರಿಂಗೇ ಹೋಗಿದೆ ಅಂತಿಟ್ಟುಕೊಳ್ಳಿ. ಅಂಗಡಿಗೆ ಹೋಗಿ "20 ಎಂಎಂ ಶಾಫ್ಟಿಗೆ ಬೇರಿಂಗ್ ಕೊಡಿ" ಅಂದರೆ ಕೆಲಸ ಕೆಟ್ಟಿತು. 6004 ಕೂಡ 20 ಎಂಎಂ, 6204 ಕೂಡ 20 ಎಂಎಂ. ಆದರೆ ಮೊದಲನೆಯದರ ಹೊರ ಅಳತೆ 42, ಎರಡನೆಯದು 47. ಹಾಗಾಗಿ ಹಳೆಯದರ ಮೇಲಿನ ನಂಬರ್ ಓದಿ, ಇಲ್ಲವೇ ಹಳೆಯದನ್ನೇ ತೆಗೆದುಕೊಂಡು ಹೋಗಿ. ನಂಬರಿನ ಕೊನೆಗೆ ಜಡ್‌ಜಡ್ ಅಂತಿದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಅಂತಿದ್ದರೆ ರಬ್ಬರ್ ಸೀಲ್. ಮರದ ಹಿಟ್ಟು ಹಾರುವ ಜಾಗಕ್ಕೆ ರಬ್ಬರ್ ಸೀಲಿನದ್ದೇ ಬೇಕು. ಇದನ್ನು ಒತ್ತಿ ಹೇಳದಿದ್ದರೆ ಕೈಗೆ ಸಿಕ್ಕಿದ್ದನ್ನು ಕೊಟ್ಟು ಕಳಿಸುತ್ತಾರೆ.

ಕೂರಿಸುವಾಗ ನೆನಪಿರಲಿ: ಶಾಫ್ಟಿಗೆ ಹಾಕುವಾಗ ಏಟು ಒಳಬಳೆಗೆ ಮಾತ್ರ ಬೀಳಬೇಕು, ಮನೆಯೊಳಗೆ (ಹೌಸಿಂಗ್ ಅಂತೀವಲ್ಲ) ಕೂರಿಸುವಾಗ ಹೊರಬಳೆಗೆ ಮಾತ್ರ. ತಪ್ಪು ಬಳೆಗೆ ಹೊಡೆದರೆ ಆ ಏಟು ನಡುವಿನ ಗುಂಡುಗಳ ಮೂಲಕ ಹೋಗಿ ಹೊಸ ಬೇರಿಂಗಿನ ದಾರಿಯಲ್ಲೇ ಗುಳಿ ಬೀಳುತ್ತದೆ, ಮೊದಲ ದಿನದಿಂದಲೇ ಸದ್ದು. ಒಳಬಳೆಯ ಅಳತೆಯ ಒಂದು ಪೈಪ್ ತುಂಡು ಹುಡುಕಿಟ್ಟುಕೊಳ್ಳಿ. ಸ್ಪಿಂಡಲ್ ಹೊಡೆದು ತೆಗೆಯುವ ಮುಂಚೆ ಸರ್‌ಕ್ಲಿಪ್ (ಜಾರದಂತೆ ಹಿಡಿಯುವ ಸ್ಪ್ರಿಂಗ್ ಉಂಗುರ), ಹಿಂದಿನ ನಟ್ಟು ಎಲ್ಲ ಬಿಚ್ಚಿದ್ದೀರಾ ನೋಡಿ. ಕೆಲವು ನಟ್ಟಿಗೆ ಎಡಗೈ ಮರೆ (ಥ್ರೆಡ್) ಇರುತ್ತದೆ, ಉಲ್ಟಾ ತಿರುಗಿಸಬೇಕು. ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅಷ್ಟೆಲ್ಲ ಧೈರ್ಯ ಇಲ್ಲ ಅಂದರೆ ಹೆಡ್‌ಸ್ಟಾಕನ್ನು ಬೈಕ್ ಮೇಲೆ ಹಾಕಿಕೊಂಡು ಪ್ರೆಸ್ (ಒತ್ತಿ ಕೂರಿಸುವ ಯಂತ್ರ) ಇರುವ ಯಾವುದಾದರೂ ವರ್ಕ್‌ಶಾಪಿಗೆ ಹೋಗಿ, ಅವರಿಗೆ ಅದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ.

ಎಣ್ಣೆ ಎಲ್ಲಿ ಬಿಡಬೇಕು ಅಂತ ಕೇಳಿದ್ದೀರಿ. ಹೆಚ್ಚುಕಮ್ಮಿ ಎಲ್ಲೂ ಬೇಡ! ಸೀಲ್ ಇರುವ ಬೇರಿಂಗಿಗೆ ಎಣ್ಣೆ ಬೇಡ. ಬೆಡ್ (ಟೇಲ್‌ಸ್ಟಾಕ್ ಜಾರುವ ಕಬ್ಬಿಣದ ಹಳಿ) ಮೇಲೆ ಎಣ್ಣೆ, ಗ್ರೀಸ್ ಹಚ್ಚಿದರೆ ಮರದ ಹಿಟ್ಟು ಅಂಟಿ ಮುದ್ದೆಯಾಗುತ್ತದೆ, ಟೇಲ್‌ಸ್ಟಾಕ್ ಜಾರುವ ಬದಲು ಕಚ್ಚಿಕೊಳ್ಳುತ್ತದೆ. ಕಬ್ಬಿಣದ ಲೇತಿನ ಅಭ್ಯಾಸ ಇದಕ್ಕೆ ತರಬಾರದು. ಬೆಡ್ಡಿನ ತುಕ್ಕನ್ನು ಸೀಮೆಎಣ್ಣೆ ಮತ್ತು ನುಣುಪು ಎಮರಿ ಪೇಪರಿನಿಂದ ತೆಗೆದು, ಒಣಗಿಸಿ, ಮೇಣದಬತ್ತಿ ಉಜ್ಜಿ, ಬಟ್ಟೆಯಲ್ಲಿ ತೀಡಿಬಿಡಿ. ಉಳಿ ಆನಿಸುವ ಟೂಲ್ ರೆಸ್ಟಿಗೂ ಅದೇ. ಕಾರಿಗೆ ಹಚ್ಚುವ ಪಾಲಿಶ್ ಬೇಡ. ಅದರಲ್ಲಿ ಸಿಲಿಕೋನ್ ಇದ್ದರೆ ಕೈಯಿಂದ ಮರಕ್ಕೆ ಹತ್ತಿ ಆಮೇಲೆ ವಾರ್ನಿಷ್ ಹಿಡಿಯುವುದಿಲ್ಲ. ಟೇಲ್‌ಸ್ಟಾಕ್ ಸ್ಕ್ರೂಗೆ ಮಾತ್ರ ಒಂದು ಹನಿ ಎಣ್ಣೆ ಬಿಟ್ಟು ಒರೆಸಿ.

ಹರಿಹರದಿಂದ

ಮೇಲಿನವರು ಹೇಳಿದ್ದು ಸರಿ ಇದೆ. ತೂತು ಅಗಲವಾಗುವ ವಿಷಯ ನಾನು ಹೇಳುತ್ತೇನೆ.

ನಮ್ಮೂರಿನ ಯಂತ್ರಾಪುರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾದ ಕಾರ್ಖಾನೆ, ಕಬ್ಬಿಣ ಕಡೆಯುವ ಲೇತ್ ಮಾಡುತ್ತಿದ್ದದ್ದೇ ಅಲ್ಲಿ. ಕಾರ್ಖಾನೆ ಈಗಿಲ್ಲ, ಆದರೆ ಅಲ್ಲಿ ಕೈ ಪಳಗಿದವರು ಈ ಕಡೆ ಇನ್ನೂ ಸಿಗುತ್ತಾರೆ. ಅಂಥ ಹಿರಿಯರ ಹತ್ತಿರ ನಾನು ಕಲಿತದ್ದು ಒಂದೇ ಮಾತಿನಲ್ಲಿ ಹೇಳುವುದಾದರೆ, ಅಳೆಯುವ ಮುಂಚೆ ಒರೆಸು. ನಿಮ್ಮ ಸ್ಪಿಂಡಲ್ಲಿನ ಒಳಗೆ, ಟೇಲ್‌ಸ್ಟಾಕಿನ ಒಳಗೆ ಮೋರ್ಸ್ ಟೇಪರ್ ತೂತು, ಅಂದರೆ ಒಳಹೋದಂತೆ ಕಿರಿದಾಗುವ, ಮೊನೆ ಕೂರುವ ತೂತು ಇರುತ್ತದೆ. ಸಣ್ಣ ಲೇತಿನಲ್ಲಿ ಸಾಮಾನ್ಯವಾಗಿ 1 ಅಥವಾ 2ನೇ ನಂಬರ್. ಅದರೊಳಗೆ ಒಂದೇ ಒಂದು ಸಿಪ್ಪೆ ಸಿಕ್ಕಿಕೊಂಡಿದ್ದರೂ ಮೊನೆ ಓರೆಯಾಗಿ ಕೂರುತ್ತದೆ, ತಿರುಗುವಾಗ ಎಂಟು ಹಾಕುತ್ತದೆ. ಬೆರಳು ಹಾಕಬೇಡಿ, ತೆಳು ಕೋಲಿಗೆ ಬಟ್ಟೆ ಸುತ್ತಿ ಒರೆಸಿ. ಮೊನೆಯ ಮೈಮೇಲೆ ಗೀರು ಎದ್ದಿದ್ದರೆ ನುಣ್ಣನೆ ಸಾಣೆಕಲ್ಲಿನಲ್ಲಿ ಆ ಉಬ್ಬನ್ನಷ್ಟೇ ತೀಡಿ.

ಆಮೇಲೆ ಎರಡೂ ಕಡೆ ಮೊನೆ ಹಾಕಿ ಟೇಲ್‌ಸ್ಟಾಕನ್ನು ಹತ್ತಿರ ತಂದು ಮೊನೆಗೆ ಮೊನೆ ಮುಟ್ಟಿಸಿ. ನಡುವೆ ಒಂದು ಶೇವಿಂಗ್ ಬ್ಲೇಡ್ ಹಿಡಿದು ಮೆಲ್ಲಗೆ ಒತ್ತಿದರೆ ಬ್ಲೇಡ್ ನೇರ ನಿಲ್ಲಬೇಕು. ಓರೆಯಾದರೆ ಯಾವ ಕಡೆ ತಪ್ಪಿದೆ ಅಂತ ಬ್ಲೇಡೇ ತೋರಿಸುತ್ತದೆ. ಪಕ್ಕಕ್ಕೆ ತಪ್ಪಿದ್ದರೆ ಹೆಡ್‌ಸ್ಟಾಕ್ ಬೋಲ್ಟ್ ಸಡಿಲಿಸಿ ಸ್ವಲ್ಪ ತಿರುಗಿಸಿ ಬಿಗಿ ಮಾಡಿ. ಎತ್ತರ ತಪ್ಪಿದ್ದರೆ ತಗ್ಗಿನ ಕಡೆಗೆ ತಗಡಿನ ತುಂಡು ಕೊಡಬೇಕು. ಕೂಲ್‌ಡ್ರಿಂಕ್ ಡಬ್ಬಿಯ ತಗಡು ಸುಮಾರು 0.1 ಎಂಎಂ ಇರುತ್ತದೆ, ಕತ್ತರಿಯಲ್ಲೇ ಕತ್ತರಿಸಬಹುದು. ಆದರೆ ಇದಕ್ಕೆಲ್ಲ ಮೊದಲು ಲೇತ್ ನಿಂತ ಜಾಗ ನೋಡಿ. ಸ್ಟ್ಯಾಂಡಿನ ನಾಲ್ಕು ಕಾಲಲ್ಲಿ ಒಂದು ನೆಲಕ್ಕೆ ತಾಗದೆ ಇದ್ದು, ಅದನ್ನು ಬೋಲ್ಟ್ ಹಾಕಿ ಎಳೆದು ಬಿಗಿದಿದ್ದರೆ ಬೆಡ್ಡೇ ತಿರುಚಿಕೊಂಡಿರುತ್ತದೆ. ಆಗ ಎಷ್ಟು ಜೋಡಿಸಿದರೂ ಅಷ್ಟೇ.

ವೇಗದ ಮಾತೂ ಹೇಳಿಬಿಡುತ್ತೇನೆ. ನಿಮ್ಮ ಮೋಟರ್ 1440 ಆರ್‌ಪಿಎಂ ಇರಬೇಕು, ತಗಡಿನ ಮೇಲೆ ಬರೆದಿರುತ್ತದೆ. ಮೋಟರ್ ಕಡೆ 2 ಇಂಚಿನ ಪುಲ್ಲಿ, ಸ್ಪಿಂಡಲ್ ಕಡೆ 4 ಇಂಚು ಇದ್ದರೆ 720. ಉಲ್ಟಾ ಆದರೆ 2880. ಮರದ ವ್ಯಾಸವನ್ನು ಇಂಚಿನಲ್ಲಿ ತೆಗೆದುಕೊಂಡು ಆರ್‌ಪಿಎಂನಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು ಅನ್ನುವುದು ಮರ ಕಡೆಯುವವರ ಹಳೇ ಲೆಕ್ಕ. 2 ಇಂಚಿನ ಲಟ್ಟಣಿಗೆಗೆ 2880 ಅಂದರೆ 5760, 6000ದ ಹತ್ತಿರವೇ, ನಡೆಯುತ್ತದೆ. ಅದೇ ವೇಗಕ್ಕೆ 8 ಇಂಚಿನ ಬಟ್ಟಲು ಕಟ್ಟಿದರೆ ಲೇತ್ ಶೆಡ್ಡಿನಲ್ಲಿ ಓಡಾಡಲು ಶುರು ಮಾಡುತ್ತದೆ. ಇನ್ನೂ ಗುಂಡಗಾಗದ ಚೌಕ ಮರಕ್ಕೆ ಯಾವಾಗಲೂ ಕಡಿಮೆ ವೇಗವೇ. ಅದುರಾಟದ ಅರ್ಧ ದೂರು ಇಲ್ಲೇ ಮುಗಿಯುತ್ತದೆ.

ಚಳ್ಳಕೆರೆಯಿಂದ

ನಾನು ಮೋಟರ್ ರಿವೈಂಡಿಂಗ್ ಮಾಡುವವನು. ಸಂಜೆ ಮಾತ್ರ ಗುಂಯ್ ಅನ್ನುತ್ತದೆ ಅಂದರೆ ಮೊದಲು ವೋಲ್ಟೇಜ್ ನೋಡಿ. ಮಲ್ಟಿಮೀಟರ್ ಹಿಡಿದು ಸ್ಟಾರ್ಟ್ ಆಗುವ ಹೊತ್ತಿಗೇ ಅಳೆಯಬೇಕು, ಸುಮ್ನೆ ಸಾಕೆಟ್ಟಿನಲ್ಲಿ ಅಳೆದರೆ ಚೆನ್ನಾಗಿಯೇ ತೋರಿಸುತ್ತದೆ. 230 ಇರಬೇಕಾದ ಕಡೆ 180 ಬಂದರೆ ಮೋಟರಿನ ಬಲ ಅದೇ ಲೆಕ್ಕದಲ್ಲಿ ಇಳಿಯುವುದಿಲ್ಲ, ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಅಂದರೆ ಶೇ 60ರ ಹತ್ತಿರ ಮಾತ್ರ ಉಳಿಯಿತು. ಮನೆಯಿಂದ ಶೆಡ್ಡಿಗೆ ಫ್ಯಾನಿನ ವೈರ್ ಎಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ, ದಪ್ಪ ವೈರ್ ಹಾಕಿದ ಮೇಲೆ ಎಷ್ಟೋ ಮೋಟರ್ ತಾನಾಗಿ ಸರಿಹೋಗಿವೆ. ದೂರ ಜಾಸ್ತಿ ಇದ್ದರೆ 2.5 ಸ್ಕ್ವೇರ್ ಎಂಎಂ ತಾಮ್ರ ಹಾಕಿ. ಅರ್ಥಿಂಗ್ ತಂತಿಯನ್ನು ಮೋಟರ್ ಬಾಡಿಗೆ ಕಟ್ಟಿ.

ಗುಂಯ್ ಅಂದ ಕೂಡಲೇ ಸ್ವಿಚ್ ಆಫ್ ಮಾಡಿ. ಈಗ ಹೊರಡುತ್ತದೆ ಆಗ ಹೊರಡುತ್ತದೆ ಅಂತ ಕಾದರೆ ಸ್ಟಾರ್ಟಿಂಗ್ ವೈಂಡಿಂಗ್ ಸುಟ್ಟು ನನ್ನ ಹತ್ತಿರ ಬರುತ್ತೀರಿ.

ವೋಲ್ಟೇಜ್ ಸರಿ ಇದ್ದೂ ಹೊರಡದಿದ್ದರೆ ಕಂಡೆನ್ಸರ್ (ಕೆಪಾಸಿಟರ್), ಇಲ್ಲವೇ ಹಿಂದಿನ ಸೆಂಟ್ರಿಫ್ಯೂಗಲ್ ಸ್ವಿಚ್ (ಮೋಟರ್ ವೇಗ ಹಿಡಿದ ಮೇಲೆ ಸ್ಟಾರ್ಟಿಂಗ್ ವೈಂಡಿಂಗನ್ನು ತಪ್ಪಿಸುವುದು). ಕಂಡೆನ್ಸರ್ ಹೊಟ್ಟೆ ಉಬ್ಬಿದ್ದರೆ, ಜಿಡ್ಡು ಸೋರಿದ್ದರೆ ಹೋಯಿತು ಅಂತಲೇ. ಮುಟ್ಟುವ ಮುಂಚೆ ಪ್ಲಗ್ ಕಿತ್ತು, ಹಳೇ ಫಿಲಮೆಂಟ್ ಬಲ್ಬಿನ ಎರಡು ವೈರನ್ನು ಅದರ ಎರಡು ಕಾಲಿಗೆ ಮುಟ್ಟಿಸಿ ಒಳಗಿನ ಕರೆಂಟ್ ಇಳಿಸಿ. ಎಲ್‌ಇಡಿ ಬಲ್ಬಲ್ಲ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುವ ಶೌರ್ಯ ಬೇಡ. ಹೊಸದು ತರುವಾಗ ಎಂಎಫ್‌ಡಿ (ಮೈಕ್ರೋಫ್ಯಾರಡ್, ಕಂಡೆನ್ಸರಿನ ಅಳತೆ) ಅದೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಲಿ. ಸ್ಟಾರ್ಟ್ ಕಂಡೆನ್ಸರ್ ಜಾಗಕ್ಕೆ ಫ್ಯಾನಿನದ್ದು ನಡೆಯುವುದಿಲ್ಲ. ಮರದ ಲೇತಿನ ಮೋಟರಿನಲ್ಲಿ ನಾನು ಜಾಸ್ತಿ ಕಾಣುವುದು ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ಪಾಯಿಂಟ್ ನಡುವೆ ಹಿಟ್ಟು ಕೂತಿರುವುದು. ಹಿಂದಿನ ಕವರ್ ಬಿಚ್ಚಿ, ಬ್ಲೋವರ್ ಬಿಟ್ಟು, ಪಾಯಿಂಟನ್ನು ನುಣುಪು ಪೇಪರಿನಲ್ಲಿ ಒಮ್ಮೆ ಎಳೆದರೆ ಸಾಕು.

ಹಿರಿಯೂರಿನಿಂದ

ನಾನು ಗೃಹಿಣಿ, ಲೇತ್ ನನ್ನ ಹವ್ಯಾಸ. ರಿಪೇರಿ ನನಗೆ ಅಷ್ಟು ಬರುವುದಿಲ್ಲ, ಅದಕ್ಕೇ ಕೆಡದ ಹಾಗೆ ನೋಡಿಕೊಳ್ಳುತ್ತೇನೆ. ಅಣ್ಣಾ, ನಮ್ಮ ಕಡೆ ಸಿಗುವ ಮರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಸಿ ಜಾಲಿ ಕಡೆದು ಹಾಗೇ ಬಿಟ್ಟರೆ ಬೆಳಿಗ್ಗೆಗೆ ಬೆಡ್ ಮೇಲೆ ನೀಲಿಗಪ್ಪು ಕಲೆ, ಅದರ ಒಗರು ಕಬ್ಬಿಣಕ್ಕೆ ಹತ್ತುತ್ತದೆ. ಅವತ್ತೇ ಒರೆಸಬೇಕು. ಕಮರದ ಮರವಂತೂ ಕಲ್ಲಿನಷ್ಟು ಗಟ್ಟಿ, ಉಳಿ ಮೊಂಡಾಗಿದ್ದರೆ ಕಚ್ಚಿ ಎಗರಿ ಇಡೀ ಲೇತ್ ಅಲ್ಲಾಡುತ್ತದೆ. ಆ ಏಟೆಲ್ಲ ಬೇರಿಂಗಿಗೇ ಅಲ್ವಾ ಹೋಗುವುದು? ಬುಗುರಿಗೆ ಹಾಲೆ ಮರ ಸಿಕ್ಕಿದರೆ ಅದೇ ಸುಖ, ಚನ್ನಪಟ್ಟಣದ ಗೊಂಬೆಗೂ ಅದನ್ನೇ ಬಳಸುತ್ತಾರೆ.

ಟೂಲ್ ರೆಸ್ಟಿನ ಅಂಚನ್ನು ಉಗುರಿನಿಂದ ಸವರಿ ನೋಡಿ. ಕಚ್ಚು ಬಿದ್ದಿದ್ದರೆ ಅರದಲ್ಲಿ ನೇರ ಮಾಡಿ. ಉಳಿ ಸರಾಗ ಓಡದೆ ಅಲ್ಲಲ್ಲಿ ನಿಲ್ಲುವುದನ್ನು ನಾವು ಲೇತಿನ ದೋಷ ಅಂದುಕೊಳ್ಳುತ್ತೇವೆ. ಮತ್ತೆ ಸೆರಗು, ವೇಲ್, ಹೆಗಲ ಮೇಲಿನ ಟವೆಲ್, ಕೈಗವಸು ಯಾವುದೂ ತಿರುಗುವ ಮರದ ಹತ್ತಿರ ಬೇಡ. ಮುಖಕ್ಕೆ ಶೀಲ್ಡ್, ಮೂಗಿಗೆ ಮಾಸ್ಕ್ ಇರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಥ್ಯಾಂಕ್ಸ್. ಬೆಲ್ಟ್ ಬಿಚ್ಚಿ ನೋಡಿದೆ. ಸ್ಪಿಂಡಲ್ ನುಣ್ಣಗೆ ತಿರುಗುತ್ತದೆ, ಆಡುವುದೂ ಇಲ್ಲ. ಮೋಟರ್ ಒಂದೇ ಓಡಿಸಿದರೆ ಸದ್ದಿಲ್ಲ. ಸ್ಪಿಂಡಲ್ ಪುಲ್ಲಿಯ ಗ್ರಬ್ ಸ್ಕ್ರೂ ಸಡಿಲ ಇತ್ತು, ಬೆಲ್ಟ್ ನೆಲದ ಮೇಲೆ ಬಿಟ್ಟರೆ ಮೊಟ್ಟೆಯಾಕಾರ. ಟೇಪರ್ ಒಳಗಿಂದ ಒಂದು ಚಿಟಿಕೆ ಸಿಪ್ಪೆ ಬಂತು. ವೋಲ್ಟೇಜ್ ಇವತ್ತು ಸಂಜೆ ಅಳೆಯುತ್ತೇನೆ. ಬೆಲ್ಟಿನ ಮೇಲಿನ ನಂಬರ್ ಅಳಿಸಿಹೋಗಿದೆ, ಏನಂತ ಕೇಳಲಿ?

ದಾವಣಗೆರೆಯಿಂದ

ಮೇಲ್ಮೈ ಅಗಲ ಅಳೆಯಿರಿ. 13 ಎಂಎಂ ಹತ್ತಿರ ಇದ್ದರೆ ಅದು ಎ ಸೆಕ್ಷನ್. ಆಮೇಲೆ ಹಳೇ ಬೆಲ್ಟನ್ನು ಕತ್ತರಿಸಿ, ನೇರ ಮಾಡಿ ಒಳಮೈಯ ಉದ್ದವನ್ನು ಇಂಚಿನಲ್ಲಿ ಅಳೆಯಿರಿ. 28 ಬಂದರೆ ಎ-28 ಅಂತ ಕೇಳಿ. ಹಳೆಯದು ಸ್ವಲ್ಪ ಹಿಗ್ಗಿರುತ್ತದೆ, ಹಾಗಾಗಿ ಎರಡು ಅಳತೆಯ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ತನ್ನಿ. ಹಿಟ್ಟಿನ ಗಿರಣಿ, ಕಂಪ್ರೆಸರ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ, ಲೇತಿನ ಬೆಲ್ಟ್ ಅಂತ ಕೇಳಬೇಡಿ, ಇಲ್ಲ ಅಂದುಬಿಡುತ್ತಾರೆ. ಹಾಕಿದ ಮೇಲೆ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ತಗ್ಗುವಷ್ಟು ಬಿಗಿ ಸಾಕು. ವಾರಗಟ್ಟಲೆ ಓಡಿಸುವುದಿಲ್ಲ ಅಂದರೆ ಮೋಟರ್ ಪ್ಲೇಟಿನ ಬೋಲ್ಟ್ ಸಡಿಲಿಸಿ ಬೆಲ್ಟ್ ಇಳಿಬಿಡಿ.